‘ಮಾತ್ರ’ ಬರೆಯದ ಪೆಟ್ಟಿಗೆ

ಪ್ಯಾನೆಲ್ ಬಾಗಿಲು ತೆಗೆದ ಕೂಡಲೇ ನಾನು ಮೊದಲು ನೋಡುವುದು ಬಾಗಿಲಿನ ಒಳಮೈ. ಯಾವ ಬ್ರೇಕರ್ ಯಾವ ಮೋಟರಿನದು ಎಂಬ ಪಟ್ಟಿ ಅಲ್ಲಿ ಅಂಟಿಸಿರುತ್ತಾರೆ. ಅದರ ಕೆಳಗೆ ಎಲೆಕ್ಟ್ರಿಷಿಯನ್ನನ ಮೊಬೈಲ್ ನಂಬರು. ಅದರ ಕೆಳಗೆ ಎಷ್ಟೋ ಸಲ ಒಂದು ಪಾಸ್‌ವರ್ಡ್. ಬಾಗಲಕೋಟೆ ಕಡೆಯ ಒಂದು ಸಕ್ಕರೆ ಕಾರ್ಖಾನೆಯಲ್ಲಂತೂ ಬಿಳಿ ಸ್ಟಿಕರಿನ ಮೇಲೆ ನೀಲಿ ಮಾರ್ಕರಿನಲ್ಲಿ ಎಷ್ಟು ದಪ್ಪಗೆ ಬರೆದಿದ್ದರೆಂದರೆ, ನನಗೆ ಕನ್ನಡಕ ಹಾಕಿಕೊಳ್ಳುವ ಕೆಲಸವೂ ಬೀಳಲಿಲ್ಲ.

22 ವರ್ಷದಿಂದ ಹುಬ್ಬಳ್ಳಿಯಲ್ಲಿದ್ದುಕೊಂಡು ಸುತ್ತಲಿನ ಜಿಲ್ಲೆಗಳ ಕಾರ್ಖಾನೆಗಳಿಗೆ, ನೀರು ಸರಬರಾಜು ಘಟಕಗಳಿಗೆ ಹೋಗಿ ಪಿಎಲ್‌ಸಿ, ಸ್ಕಾಡಾ ದುರಸ್ತಿ ಮಾಡುವವನು ನಾನು. ಪಿಎಲ್‌ಸಿ ಅಂದರೆ ಮೋಟರು, ವಾಲ್ವುಗಳಿಗೆ ಅಪ್ಪಣೆ ಕೊಡುವ ಪುಟ್ಟ ಕಂಪ್ಯೂಟರ್. ಸ್ಕಾಡಾ ಅಂದರೆ ಕಂಟ್ರೋಲ್ ರೂಮಿನಲ್ಲಿ ಕೂತು ಅದನ್ನೆಲ್ಲ ನೋಡುವ, ನಡೆಸುವ ವ್ಯವಸ್ಥೆ. ಇವೆರಡರ ಬಗ್ಗೆ ಎಲ್ಲರೂ ತಲೆ ಕೆಡಿಸಿಕೊಳ್ಳುತ್ತಾರೆ. ನಾನು ಹೇಳಹೊರಟಿರುವುದು ನಡುವೆ ಇರುವ ಮೂರನೆಯದರ ಸಂಗತಿ.

ಪ್ಯಾನೆಲ್ಲಿನ ಒಳಗೆ ಅಡ್ಡಕ್ಕೆ ಕೂರಿಸಿದ ಲೋಹದ ಪಟ್ಟಿಗೆ ಡಿನ್ ರೈಲು ಅನ್ನುತ್ತೇವೆ. ಪವರ್ ಸಪ್ಲೈ, ಪಿಎಲ್‌ಸಿ, ರಿಲೇಗಳೆಲ್ಲ ಅದನ್ನೇ ಸಾಲಾಗಿ ಕಚ್ಚಿಕೊಂಡಿರುತ್ತವೆ. ಸಾಲಿನ ಕೊನೆಗೆ ಅರ್ಧ ಇಟ್ಟಿಗೆಯಷ್ಟು ದೊಡ್ಡ ಒಂದು ಪೆಟ್ಟಿಗೆ, ಅದಕ್ಕೆ ನಾಲ್ಕೈದು ಕೇಬಲ್ಲು, ಮಿಣುಕುವ ಹಸಿರು ದೀಪ. ಇದು ನೆಟ್‌ವರ್ಕ್ ಸ್ವಿಚ್, ಇಲ್ಲವೇ ರೂಟರ್. ಪಿಎಲ್‌ಸಿ ಆಡಿದ ಮಾತು ಪರದೆಗೆ ಮುಟ್ಟುವುದು ಇದರ ಮೂಲಕವೇ. ಹೊಳೆ ದಂಡೆಯ ಜಾಕ್‌ವೆಲ್ಲಿನ ಪಂಪನ್ನು ಊರೊಳಗಿನ ಕಚೇರಿಯಿಂದ ಚಾಲೂ ಮಾಡುತ್ತಾರಲ್ಲ, ಅಂಥ ಕಡೆ ಮೊಬೈಲ್ ಸಿಮ್ ಹಾಕಿದ ರೂಟರ್ ಇರುತ್ತದೆ. ಎಲೆಕ್ಟ್ರಿಕಲ್ ವಿಭಾಗದವರನ್ನು ಕೇಳಿದರೆ ಅದು ಕಂಪ್ಯೂಟರಿನವರದು ಅನ್ನುತ್ತಾರೆ. ಕಂಪ್ಯೂಟರಿನವರು ಪ್ಯಾನೆಲ್ ಕಂಡರೆ ಶಾಕ್ ಹೊಡೆದೀತೆಂದು ಎರಡು ಹೆಜ್ಜೆ ಹಿಂದೆ ನಿಲ್ಲುತ್ತಾರೆ. ಹಾಕಿಕೊಟ್ಟ ಗುತ್ತಿಗೆದಾರನ ಬಿಲ್ಲು ಪಾಸಾಗಿ ಎಷ್ಟೋ ವರ್ಷವಾಗಿರುತ್ತದೆ. ದೇವರಿಗೆ ಬಿಟ್ಟ ಗೂಳಿಯ ಹಾಗೆ ಅದು ಎಲ್ಲರ ಹೊಲದಲ್ಲೂ ಇದೆ, ಯಾರ ಕೊಟ್ಟಿಗೆಯಲ್ಲೂ ಇಲ್ಲ.

ಇಂಥ ಪೆಟ್ಟಿಗೆಗಳಲ್ಲಿ ಹೆಸರಾದದ್ದು ಜರ್ಮನಿಯ ಸೀಮೆನ್ಸ್ ಕಂಪನಿಯ ಸ್ಕ್ಯಾಲೆನ್ಸ್ ಸರಣಿ. ತಮ್ಮ ಸರಕುಗಳಲ್ಲಿ ಕಂಡುಬಂದ ಸುರಕ್ಷತಾ ದೋಷಗಳನ್ನು ತಿಂಗಳ ಎರಡನೆಯ ಮಂಗಳವಾರ ತಾವೇ ಪ್ರಕಟಿಸುವುದು ಅವರ ಪದ್ಧತಿ. ಮೆಚ್ಚತಕ್ಕ ಪದ್ಧತಿಯೇ, ಮುಚ್ಚಿಡುವವರೇ ಜಾಸ್ತಿ. 2022ರ ಆಗಸ್ಟ್ 9ರ ಪ್ರಕಟಣೆಯಲ್ಲಿ ಸಿವಿಇ-2022-36323 ಎಂಬ ದೋಷವಿತ್ತು. ಸಿವಿಇ ಅಂದರೆ ಪತ್ತೆಯಾದ ಒಂದೊಂದು ದೋಷಕ್ಕೂ ಕೊಡುವ ನಂಬರು, ಜಗತ್ತಿನಲ್ಲೆಲ್ಲ ಅದೇ ನಂಬರಿನಿಂದ ಗುರುತಿಸುತ್ತಾರೆ. ತೀವ್ರತೆ 10ಕ್ಕೆ 9.1. ಕಾರ್ಖಾನೆ ಒಳಗಿನ ಸ್ವಿಚ್ಚುಗಳಿಂದ ಹಿಡಿದು ದೂರದ ಪಂಪಿಗೆ ಕೂರಿಸುವ ಮೊಬೈಲ್ ರೂಟರ್‌ಗಳವರೆಗೆ ಎಷ್ಟೋ ಮಾದರಿಗಳು ಪಟ್ಟಿಯಲ್ಲಿದ್ದವು. ದೋಷದ ವಿವರಣೆ ಮಾತ್ರ ಎರಡೇ ಸಾಲು. ಒಂದು ಖಾನೆಯಲ್ಲಿ ತುಂಬಿದ್ದನ್ನು ಉಪಕರಣ ಸರಿಯಾಗಿ ಸೋಸುವುದಿಲ್ಲ. ಅಡ್ಮಿನ್ ಅಧಿಕಾರವಿರುವವನು ಅದರ ಮೂಲಕ ತನ್ನ ಕೋಡ್ ತೂರಿಸಿ ‘ರೂಟ್’ ಅಧಿಕಾರ ಪಡೆಯಬಹುದು.

ಖಾನೆ ತುಂಬುವುದರಿಂದ ಯಂತ್ರ ಕೈವಶವಾಗುವುದು ಹೇಗೆ? ನನ್ನ ತಂದೆ ಹಳ್ಳಿಯ ಸೊಸೈಟಿಯಲ್ಲಿ ಗುಮಾಸ್ತರಾಗಿದ್ದರು. ಚೆಕ್ಕಿನಲ್ಲಿ ‘ಐದು ನೂರು ರೂಪಾಯಿ’ ಎಂದು ಬರೆದು ಕೈ ಎತ್ತುತ್ತಿರಲಿಲ್ಲ. ‘ಮಾತ್ರ’ ಎಂದು ಸೇರಿಸಿ, ಉಳಿದ ಜಾಗಕ್ಕೆ ಗೆರೆ ಎಳೆದ ಮೇಲೆಯೇ ಪೆನ್ನಿಗೆ ಟೋಪಿ. ಖಾಲಿ ಬಿಟ್ಟರೆ ಮುಂದೆ ಇನ್ಯಾರೋ ಏನನ್ನೋ ಬರೆದಾರು, ಬ್ಯಾಂಕಿನವನು ಅದನ್ನೂ ನಮ್ಮ ಮಾತೆಂದೇ ಓದಿಯಾನು. ಕೋಡ್ ಇಂಜೆಕ್ಷನ್ ಅಂತ ಇಂಗ್ಲಿಷಿನಲ್ಲಿ ಗಂಭೀರವಾಗಿ ಕರೆಯುವ ಈ ದೋಷದಲ್ಲಿ ಆಗುವುದು ಇಷ್ಟೇ. ಪ್ರೋಗ್ರಾಮ್ ಬರೆದವನು ‘ಮಾತ್ರ’ ಬರೆಯುವುದನ್ನು ಮರೆತಿರುತ್ತಾನೆ.

ನನ್ನ ಮೇಜಿನ ಮೇಲೆ ಗುಜರಿಯಿಂದ ತಂದ ಒಂದು ಹಳೆಯ ರೂಟರ್ ಇದೆ. ಯಾವ ಕಂಪನಿಯದೋ ಬಿಡಿ, ಸೀಮೆನ್ಸ್‌ದಲ್ಲ. ಅದಕ್ಕೆ ಲ್ಯಾಪ್‌ಟಾಪ್ ಜೋಡಿಸಿ ಬ್ರೌಸರಿನಲ್ಲಿ ತೆರೆದರೆ ಒಂದು ಪುಟ ಬರುತ್ತದೆ. ಅದರಲ್ಲಿ ‘ಪಿಂಗ್’ ಎಂಬ ಖಾನೆ. ಇನ್ನೊಂದು ಉಪಕರಣದ ಐಪಿ ವಿಳಾಸವನ್ನು ಅದರಲ್ಲಿ ತುಂಬಿ ಗುಂಡಿ ಒತ್ತಿದರೆ, ರೂಟರು ಆ ಉಪಕರಣಕ್ಕೆ ‘ಇದ್ದೀಯೇನಪ್ಪಾ’ ಎಂದು ಕೂಗು ಹಾಕುತ್ತದೆ. ಇದ್ದರೆ ಓಗೊಡುತ್ತದೆ. ನಮ್ಮ ಕಸುಬಿನಲ್ಲಿ ದಿನಕ್ಕೆ ಇಪ್ಪತ್ತು ಸಲ ಮಾಡುವ ಕೆಲಸ. ಪುಟದ ಹಿಂದೆ ಕೂತಿರುವುದು ಲಿನಕ್ಸ್. ನಾನು ತುಂಬಿದ್ದನ್ನು ಪುಟವು ‘ಪಿಂಗ್’ ಎಂಬ ಪದದ ಮುಂದೆ ಅಂಟಿಸಿ, ಇಡೀ ಸಾಲನ್ನು ಒಂದು ಅಪ್ಪಣೆಯಾಗಿ ಲಿನಕ್ಸಿಗೆ ಒಪ್ಪಿಸುತ್ತದೆ.

ಒಂದು ಸಂಜೆ 192.168.1.10 ಎಂದು ತುಂಬಿ, ಪಕ್ಕದಲ್ಲಿ ಒಂದು ಅರ್ಧವಿರಾಮ ಹಾಕಿ, ‘ಎಲ್‌ಎಸ್’ ಎಂದು ಬರೆದೆ. ಒಳಗಿರುವ ಫೈಲುಗಳ ಪಟ್ಟಿ ಕೊಡು ಎನ್ನುವುದಕ್ಕೆ ಲಿನಕ್ಸಿನಲ್ಲಿ ಆ ಎರಡಕ್ಷರ ಸಾಕು. ಗುಂಡಿ ಒತ್ತಿದೆ. ನಾಲ್ಕು ಸಲ ಪಿಂಗ್ ಉತ್ತರ ಬಂತು. ಆಮೇಲೆ ಅದರ ಕೆಳಗೆ, ಏನೂ ನಡೆಯದ ಹಾಗೆ, ರೂಟರಿನ ಹೊಟ್ಟೆಯೊಳಗಿನ ಫೈಲುಗಳ ಹೆಸರು ಒಂದೊಂದಾಗಿ ಪರದೆಗೆ ಬಂದು ನಿಂತವು. ಅರ್ಧವಿರಾಮ ಬಂದರೆ ಮಾತು ಇನ್ನೂ ಮುಗಿದಿಲ್ಲ ಎಂದು ತಿಳಿಯಬೇಕು ಅಂತ ನಮ್ಮ ಕನ್ನಡ ಮೇಷ್ಟ್ರು ಹೇಳಿಕೊಟ್ಟಿದ್ದರು. ಲಿನಕ್ಸಿನ ವ್ಯಾಕರಣದಲ್ಲೂ ಹಾಗೆಯೇ: ಒಂದು ಅಪ್ಪಣೆ ಆಯಿತು, ಇನ್ನೊಂದು ಬರಲಿದೆ. ‘ಎಲ್‌ಎಸ್’ ಬದಲು ಎಲ್ಲ ಅಳಿಸಿಹಾಕು ಎಂದು ಬರೆದಿದ್ದರೂ ಅದು ಮರುಪ್ರಶ್ನೆ ಕೇಳುತ್ತಿರಲಿಲ್ಲ.

ಆ ಖಾನೆಯಲ್ಲಿ ಅಂಕಿ ಮತ್ತು ಚುಕ್ಕಿ ಬಿಟ್ಟು ಬೇರೇನೂ ಬರಕೂಡದು ಎಂದು ಒಂದು ಸಾಲು ಬರೆದಿದ್ದರೆ ಸಾಕಿತ್ತು. ಅದಕ್ಕಿಂತ ಒಳ್ಳೆಯದು, ತುಂಬಿದ್ದನ್ನು ಅಪ್ಪಣೆಯ ಸಾಲಿಗೆ ಅಂಟಿಸದೆ ಬೇರೆಯಾಗಿಯೇ ಕೊಡುವುದು. ಇದು ಹೊಸ ವಿದ್ಯೆಯಲ್ಲ, ದಶಕಗಳಿಂದ ಗೊತ್ತಿರುವುದು. ಆದರೂ ಕಾರ್ಖಾನೆಯ ಉಪಕರಣ ತಯಾರಿಸುವವರ ಗಮನವೆಲ್ಲ ಬೇರೆ ಕಡೆ ಇರುತ್ತದೆ. 60 ಡಿಗ್ರಿ ಬಿಸಿಗೆ, ದೂಳಿಗೆ, ಅದುರುವ ಯಂತ್ರದ ಪಕ್ಕ ಹತ್ತು ವರ್ಷ ಬಾಳಿಕೆ ಬರಬೇಕು. ಬರುತ್ತದೆ ಕೂಡ, ಅದನ್ನು ಒಪ್ಪಬೇಕು. ಒಳಗಿನ ಪುಟವನ್ನು ಬರೆಯುವಾಗ ಮಾತ್ರ, ಇದನ್ನು ತೆರೆಯುವವನು ನಮ್ಮವನೇ ತಾನೇ ಎಂಬ ಭರವಸೆ.

‘ಅಡ್ಮಿನ್ ಪಾಸ್‌ವರ್ಡ್ ಇದ್ದವನಿಗೆ ಮೊದಲೇ ಎಲ್ಲ ಅಧಿಕಾರ ಇರುತ್ತದಲ್ಲ, ಅವನು ಇನ್ನೇನು ಕದಿಯುತ್ತಾನೆ?’ ಎಂದು ಒಬ್ಬ ಮ್ಯಾನೇಜರು ನನ್ನನ್ನು ಕೇಳಿದ್ದರು. ನ್ಯಾಯವಾದ ಪ್ರಶ್ನೆ. ಬಾಡಿಗೆ ಮನೆಯವರ ಹತ್ತಿರ ಬೀಗದ ಕೈ ಇರುತ್ತದೆ. ಸಾಮಾನು ಹೇಗೆ ಬೇಕಾದರೂ ಜೋಡಿಸಬಹುದು. ಗೋಡೆ ಒಡೆದು ಪಕ್ಕದ ಮನೆಗೆ ಬಾಗಿಲು ಇಡುವ ಹಾಗಿಲ್ಲ. ಅಡ್ಮಿನ್ ಅಂದರೆ ಬಾಡಿಗೆಯವನು, ರೂಟ್ ಅಂದರೆ ಗೋಡೆ ಒಡೆಯಬಲ್ಲವನು. ಅವನು ತನ್ನ ಪ್ರೋಗ್ರಾಮನ್ನು ಒಳಗೇ ಬಚ್ಚಿಡಬಹುದು, ಹಾದುಹೋಗುವ ಮಾತನ್ನೆಲ್ಲ ಕದ್ದು ಕೇಳಬಹುದು, ಅಲ್ಲಿಂದ ಪಿಎಲ್‌ಸಿಯತ್ತ ಕೈ ಚಾಚಬಹುದು. ಅಷ್ಟಾದರೂ ಹಸಿರು ದೀಪ ಎಂದಿನಂತೆ ಮಿಣುಕುತ್ತಲೇ ಇರುತ್ತದೆ. ಇನ್ನು ಆ ಪಾಸ್‌ವರ್ಡ್ ಸಿಗುವುದು ಎಷ್ಟು ಕಷ್ಟ ಎಂಬುದಕ್ಕೆ ನೀಲಿ ಮಾರ್ಕರು ಸಾಕ್ಷಿ.

ಮಾರ್ಕರೂ ಬೇಕಾಗದ ಪ್ರಸಂಗ 2024ರ ಡಿಸೆಂಬರಿನಲ್ಲಿ ಹೊರಬಿತ್ತು. ಚೀನಾದ ಫೋರ್-ಫೇತ್ ಕಂಪನಿಯ ಎರಡು ಮಾದರಿಯ ಕೈಗಾರಿಕಾ ರೂಟರ್‌ಗಳಲ್ಲಿ ಇಂಥದೇ ತೂತನ್ನು ದಾಳಿಕೋರರು ಬಳಸುತ್ತಿದ್ದಾರೆ ಎಂದು ವಲ್ನ್‌ಚೆಕ್ ಎಂಬ ಸಂಸ್ಥೆ ತಿಳಿಸಿತು. ನಂಬರು ಸಿವಿಇ-2024-12856. ತೂತು ಎಲ್ಲಿತ್ತು ಗೊತ್ತೇ? ಗಡಿಯಾರ ಸರಿಮಾಡುವ ಪುಟದಲ್ಲಿ, ಇಸವಿ ತುಂಬುವ ಖಾನೆಯಲ್ಲಿ! ನಾಲ್ಕು ಅಂಕಿಗೆ ಮೀಸಲಾದ ಜಾಗದಲ್ಲಿ ಹೊರಗಿನವನ ಅಪ್ಪಣೆ ಬಂದು ಕೂತರೂ ರೂಟರಿಗೆ ಅನುಮಾನ ಬರುವುದಿಲ್ಲ. ಇದಕ್ಕೂ ಲಾಗಿನ್ ಆಗಬೇಕು, ನಿಜ. ಆದರೆ ಕಂಪನಿಯಿಂದ ಬಂದ ಪಾಸ್‌ವರ್ಡನ್ನು ಎಷ್ಟೋ ಜನ ಬದಲಿಸಿರುವುದೇ ಇಲ್ಲ. ಆ ಕಂಪನಿಯ ಸುಮಾರು 15,000 ಉಪಕರಣಗಳು ಇಂಟರ್‌ನೆಟ್ಟಿಗೆ ಮೈಯೊಡ್ಡಿ ನಿಂತಿರುವುದು ಆಗ ಸೆನ್ಸಿಸ್ ಎಂಬ ಹುಡುಕು ತಾಣದಲ್ಲಿ ಕಂಡುಬಂದಿತ್ತು.

ಪೆಟ್ಟಿಗೆ ಕೈಬಿಟ್ಟು ಹೋದರೆ ಏನಾಗುತ್ತದೆ ಎಂದು ಕೇಳುವವರಿಗೆ ನಾನು ಉಕ್ರೇನಿನ ಕತೆ ಹೇಳುತ್ತೇನೆ. ಅಲ್ಲಿ ನಡೆದದ್ದು ಇಂಜೆಕ್ಷನ್ ಅಲ್ಲ, ದಾರಿ ಬೇರೆ. ಪೆಟ್ಟಿಗೆಗೆ ಬಂದ ಗತಿ ಮಾತ್ರ ಇದೇ. 2015ರ ಡಿಸೆಂಬರ್ 23ರ ಮಧ್ಯಾಹ್ನ, ಚಳಿಗಾಲ, ಪಶ್ಚಿಮ ಉಕ್ರೇನಿನ ಇವಾನೊ-ಫ್ರಾಂಕಿವ್ಸ್ಕ್ ಪ್ರಾಂತ್ಯದ ವಿದ್ಯುತ್ ಕಂಪನಿಯ ಕಂಟ್ರೋಲ್ ರೂಮು. ಪಾಳಿಯಲ್ಲಿದ್ದವರ ಕಣ್ಣೆದುರೇ ಪರದೆಯ ಮೇಲಿನ ಬಾಣ ತಾನಾಗಿಯೇ ಸರಿದು ಹೋಗಿ ಬ್ರೇಕರುಗಳನ್ನು ಒಂದೊಂದಾಗಿ ತೆರೆಯತೊಡಗಿತು, ಅಂದರೆ ಕರೆಂಟು ಕಡಿಯತೊಡಗಿತು. ಇವರು ಮೌಸ್ ಹಿಡಿದರೂ ಕೇಳಲಿಲ್ಲ. ಮೂರು ವಿದ್ಯುತ್ ಕಂಪನಿಗಳ ಮೇಲೆ ಅವತ್ತು ದಾಳಿಯಾಯಿತು, ಸುಮಾರು 2,25,000 ಗ್ರಾಹಕರಿಗೆ ಕರೆಂಟು ಹೋಯಿತು. ಸಬ್‌ಸ್ಟೇಷನ್ನುಗಳಲ್ಲಿ ಹಳೆಯ ಸೀರಿಯಲ್ ವೈರಿನ ಉಪಕರಣಗಳನ್ನು ನೆಟ್‌ವರ್ಕಿಗೆ ಜೋಡಿಸುವ ಕನ್ವರ್ಟರ್ ಪೆಟ್ಟಿಗೆಗಳಿದ್ದವು. ದಾಳಿಕೋರರು ಅವುಗಳ ಫರ್ಮ್‌ವೇರನ್ನೇ, ಅಂದರೆ ಉಪಕರಣದ ಒಳಗಿನ ಮೂಲ ತಂತ್ರಾಂಶವನ್ನೇ, ಕೆಡಿಸಿ ಬರೆದುಬಿಟ್ಟರು. ಹಾಗಾಗಿ ಕಂಟ್ರೋಲ್ ರೂಮಿನಿಂದ ಬ್ರೇಕರುಗಳನ್ನು ಮತ್ತೆ ಮುಚ್ಚುವ ದಾರಿಯೇ ಕಡಿಯಿತು. ಸಿಬ್ಬಂದಿ ಗಾಡಿ ಹತ್ತಿ ಸಬ್‌ಸ್ಟೇಷನ್ನಿನಿಂದ ಸಬ್‌ಸ್ಟೇಷನ್ನಿಗೆ ಹೋಗಿ ಕೈಯಿಂದಲೇ ಮುಚ್ಚಿದರು. ಕೆಲವು ತಾಸುಗಳಲ್ಲಿ ಕರೆಂಟು ಬಂತು. ಸತ್ತ ಪೆಟ್ಟಿಗೆಗಳು ಬದುಕಲಿಲ್ಲ. ತಿಂಗಳುಗಟ್ಟಲೆ ಕೈಯಿಂದಲೇ ಕೆಲಸ ನಡೆಸಬೇಕಾಯಿತು. ಕೈಯಿಂದ ಬ್ರೇಕರ್ ಹಾಕಬಲ್ಲ ಹಳಬರು ಅಲ್ಲಿದ್ದದ್ದು ಅದೃಷ್ಟ.

ತೂತು ಗೊತ್ತಾದ ಮೇಲೆ ಮುಚ್ಚಿದರಾಯಿತಲ್ಲ ಎನ್ನಬಹುದು. 2022ರ ಆ ದೋಷಕ್ಕೆ ಸೀಮೆನ್ಸ್ ಹೊಸ ಫರ್ಮ್‌ವೇರ್ ಕೊಟ್ಟಿತು. ಮೊದಲ ಪ್ರಕಟಣೆಯಾದ ಹದಿನೈದು ತಿಂಗಳ ಬಳಿಕ, 2023ರ ನವೆಂಬರಿನಲ್ಲಿ, ಸಿವಿಇ-2023-44373 ಎಂಬ ಇನ್ನೊಂದು ನಂಬರು ಬಂತು. ವಿವರಣೆ ಅಕ್ಷರಶಃ ಹಳೆಯದೇ, ಅಂಕವೂ ಅದೇ 9.1. ಇದು ಹಿಂದಿನದರ ಮುಂದುವರಿಕೆ ಎಂಬ ಒಂದು ಸಾಲು ಮಾತ್ರ ಹೊಸದು. ಅದನ್ನು ಓದಿದಾಗ ನಗು ಬಂತು. ಆ ಎಂಜಿನಿಯರುಗಳ ಬಗ್ಗೆ ಸ್ವಲ್ಪ ಕನಿಕರವೂ ಆಯಿತು. ಒಂದು ಕಡೆ ಹೆಂಚು ಬದಲಿಸಿದರೆ ಮಳೆಗಾಲದಲ್ಲಿ ಪಕ್ಕದ ಹೆಂಚು ಸೋರುವುದು ನಮ್ಮ ಮನೆಯಲ್ಲೂ ಆಗಿದೆ.

ಕಂಪನಿ ಕೊಟ್ಟ ಫರ್ಮ್‌ವೇರ್ ಪ್ಯಾನೆಲ್ಲಿನೊಳಗೆ ಇಳಿಯುವುದೇ ದೊಡ್ಡ ಕತೆ. ಮೊಬೈಲಿನ ಹಾಗೆ ರಾತ್ರಿ ಮಲಗಿದಾಗ ತಾನೇ ಆಗುವುದಿಲ್ಲ. ಉಪಕರಣವನ್ನು ನಿಲ್ಲಿಸಿ ಮತ್ತೆ ಏಳಿಸಬೇಕು. ಅಷ್ಟು ಹೊತ್ತು ಕಂಟ್ರೋಲ್ ರೂಮಿಗೆ ಕಣ್ಣಿಲ್ಲ. ಅದು ಏಳದೇ ಹೋದರೆ? ಆ ಬಾಗಲಕೋಟೆ ಕಡೆಯ ಕಾರ್ಖಾನೆಗೆ ನಾನು ಹೋದದ್ದು ಡಿಸೆಂಬರಿನಲ್ಲಿ. ಗೇಟಿನಾಚೆ ಕಬ್ಬಿನ ಟ್ರ್ಯಾಕ್ಟರುಗಳ ಸಾಲು ಡಾಂಬರು ರಸ್ತೆಯ ತಿರುವು ದಾಟಿತ್ತು. ಚೀಫ್ ಎಂಜಿನಿಯರರು ನಾನು ಹೇಳಿದ್ದನ್ನೆಲ್ಲ ತಾಳ್ಮೆಯಿಂದ ಕೇಳಿ, ಕಿಟಕಿಯಾಚೆ ಕೈ ತೋರಿಸಿದರು. “ಈಗ ಮುಟ್ಟಬ್ಯಾಡ್ರಿ ಸರ. ಹಂಗಾಮ ಮುಗೀಲಿ, ಆಮ್ಯಾಲೆ ಏನ್ ಬೇಕಾದ್ರೂ ಮಾಡ್ರಿ.” ಕಡಿದ ಕಬ್ಬು ಒಣಗಿದರೆ ತೂಕ ಇಳಿಯುತ್ತದೆ, ರೈತ ಸುಮ್ಮನಿರುವುದಿಲ್ಲ. ಅವರ ಜಾಗದಲ್ಲಿದ್ದರೆ ನಾನೂ ಅದನ್ನೇ ಹೇಳುತ್ತಿದ್ದೆ. ಪೆಟ್ಟಿಗೆಯ ಅಡ್ಮಿನ್ ಪುಟವನ್ನು ಒಂದೇ ಕಂಪ್ಯೂಟರಿನಿಂದ ತೆರೆಯಲು ಬರುವಂತೆ ಬಿಗಿಮಾಡಿ, ಬೇಕಾದಾಗ ಹೊರಗಿನಿಂದ ಒಳಗೆ ಬರಲು ಹಾಕಿದ್ದ ಇಂಟರ್‌ನೆಟ್ ಕೇಬಲ್ಲು ಕಿತ್ತಿಟ್ಟು ಬಂದೆ. ನಿಲ್ಲಿಸದೆ ಮಾಡಬಹುದಾದದ್ದು ಅಷ್ಟೇ.

ಸೈಬರ್ ದಾಳಿಯಾದರೆ ತಿಳಿದ 6 ತಾಸಿನೊಳಗೆ ಸೈಬರ್ ಸುರಕ್ಷತೆಯ ಸರ್ಕಾರಿ ಸಂಸ್ಥೆಯಾದ ಸರ್ಟ್-ಇನ್‌ಗೆ ವರದಿ ಮಾಡಬೇಕೆಂಬ ಕೇಂದ್ರದ ಆದೇಶ 2022ರಿಂದ ಇದೆ. ತಿಳಿಯುವುದು ಹೇಗೆ ಅನ್ನುವುದೇ ನನ್ನ ಚಿಂತೆ. ದೀಪ ಹಸಿರೇ ಇರುತ್ತದೆ.

ಬೇಸಿಗೆಯಲ್ಲಿ ಆ ಕಾರ್ಖಾನೆಗೆ ಮತ್ತೆ ಹೋದೆ. ಮಿಲ್ಲಿನ ರೋಲರುಗಳನ್ನು ಬಿಚ್ಚಿ ಹರಡಿದ್ದರು, ಕಾಕಂಬಿ ವಾಸನೆ ಇನ್ನೂ ಇತ್ತು. ಹೊಸ ಫರ್ಮ್‌ವೇರ್ ಹತ್ತಿಸಲು ಹಿಡಿದದ್ದು ಹನ್ನೆರಡು ನಿಮಿಷ. ನಡುವೆ ಎಲ್ಲ ದೀಪಗಳೂ ಆರಿ ಒಂದೆರಡು ನಿಮಿಷ ಏನೂ ಆಗಲಿಲ್ಲ. ಎಷ್ಟು ಸಲ ಮಾಡಿದ್ದರೂ ಆ ಹೊತ್ತಿನಲ್ಲಿ ನಾನು ಮಾತಾಡುವುದಿಲ್ಲ. ಕೊನೆಗೆ ಹಸಿರು ಬಂತು. ಪಾಸ್‌ವರ್ಡ್ ಬದಲಿಸಿದೆ. ಬಾಗಿಲಿನ ಸ್ಟಿಕರನ್ನು ಉಗುರಿನಿಂದ ಕೆರೆದು ಕಿತ್ತೆ, ಅಂಟು ಮಾತ್ರ ಉಳಿಯಿತು.

ಟಾರ್ಚ್ ಹಿಡಿದು ನಿಂತಿದ್ದ ಹೆಲ್ಪರ್ ಹುಡುಗ ಜೇಬಿನಿಂದ ನೀಲಿ ಮಾರ್ಕರು ತೆಗೆದು, ಹಲ್ಲಿನಿಂದ ಟೋಪಿ ಬಿಚ್ಚಿ, ಕೇಳಿದ: “ಹೊಸಾದು ಎಲ್ಲಿ ಬರೀಲ್ರಿ ಸರ?”