ಹಳೇ ಲ್ಯಾಪ್‌ಟಾಪಿಗೆ ಮಿಂಟು, ಪ್ರಿಂಟರಿಗೆ ಪೇಚು

ವಿಂಡೋಸ್ 10ರ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಹನ್ನೊಂದಕ್ಕೆ ಏರೋಣವೆಂದರೆ ಇಂಟೆಲ್ ಯಂತ್ರವಾದರೆ ಎಂಟನೇ ತಲೆಮಾರಿನ ಪ್ರೊಸೆಸರ್ ಬೇಕು, ಟಿಪಿಎಂ 2.0 ಬೇಕು. ಮಗಳು ಡಿಗ್ರಿಗೆ ಸೇರಿದಾಗ ಕೊಂಡು, ಅವಳ ಮದುವೆಯಾದ ಮೇಲೆ ಅಟ್ಟ ಸೇರಿದ ಲ್ಯಾಪ್‌ಟಾಪು ಆ ಪರೀಕ್ಷೆಯಲ್ಲಿ ಪಾಸಾಗುವುದು ಕಷ್ಟ. ಮಂಡ್ಯ, ಮದ್ದೂರು, ಮಳವಳ್ಳಿಯ ಮನೆಗಳಲ್ಲಿ ಇಂಥವಕ್ಕೆ ಬರವಿಲ್ಲ. ಗುಜರಿಯವನನ್ನು ಕರೆಯುವ ಮುಂಚೆ ಲಿನಕ್ಸ್ ಮಿಂಟ್ ಎಂಬ ಕಾರ್ಯಾಚರಣಾ ವ್ಯವಸ್ಥೆ ಹಾಕಿ ನೋಡಬಹುದು.

ಉಬುಂಟುವಿನ ಬುನಾದಿಯ ಮೇಲೆ 2006ರಲ್ಲಿ ಶುರುವಾದ ಮಿಂಟ್‌ನ ಕಣ್ಣೆಲ್ಲ ಮನೆಯ, ಕಚೇರಿಯ ಮೇಜಿನ ಮೇಲೆ. 2024ರಲ್ಲಿ ಬಂದ 22ನೇ ಆವೃತ್ತಿಗೆ 2029ರವರೆಗೂ ಭದ್ರತಾ ಅಪ್‌ಡೇಟ್ ಸಿಗುತ್ತದೆ. ಕನಿಷ್ಠ 2 ಜಿಬಿ ರ್‍ಯಾಮ್ ಸಾಕೆನ್ನುತ್ತಾರೆ. ನೆಮ್ಮದಿಗೆ 4 ಇರಲಿ. ಯಂತ್ರ ತೀರಾ ಬಡಕಲಾದರೆ ಎಕ್ಸ್‌ಎಫ್‌ಸಿಇ ಆವೃತ್ತಿ. ಎಡಗಡೆ ಮೂಲೆಯಲ್ಲಿ ಮೆನು, ಬಲಗಡೆ ಗಡಿಯಾರ. ವಿಂಡೋಸ್ 7 ಬಳಸಿದ ಕೈಗೆ ಹೊಸತೇನೂ ಕಲಿಯಬೇಕಿಲ್ಲ. ಇದನ್ನೇ ಹಳೇ ಶೈಲಿಯೆಂದು ಮೂಗು ಮುರಿಯುವವರಿದ್ದಾರೆ. ನನಗಂತೂ ಅದೇ ಇದರ ದೊಡ್ಡ ಗುಣ. ಅರ್ಧ ಅರ್ಜಿ ತುಂಬಿಸುವಾಗ ಅಪ್‌ಡೇಟ್ ನೆಪದಲ್ಲಿ ತಾನಾಗಿ ರೀಸ್ಟಾರ್ಟ್ ಆಗುವ ಚಾಳಿಯೂ ಇದಕ್ಕಿಲ್ಲ. ಏನಾದರೂ ಎಡವಟ್ಟಾದರೆ, ಮೊದಲೇ ಟೈಮ್‌ಶಿಫ್ಟ್ ಎಂಬ ಸಲಕರಣೆಯಲ್ಲಿ ಪ್ರತಿ ತೆಗೆದಿಟ್ಟಿದ್ದರೆ ಹಿಂದಿನ ಸ್ಥಿತಿಗೆ ಮರಳಬಹುದು.

ಕನ್ನಡಕ್ಕೆ ಬೇರೆ ತಂತ್ರಾಂಶ ಹಾಕಬೇಕಿಲ್ಲ. ಕೀಬೋರ್ಡ್ ಲೇಔಟ್ ಪಟ್ಟಿಯಲ್ಲೇ ಕಗಪ ವಿನ್ಯಾಸವಿದೆ, ಅಂದರೆ ನುಡಿ ತಂತ್ರಾಂಶದಲ್ಲಿ ಕೈ ಪಳಗಿದವರ ಅದೇ ಕೀಲಿಗಳು. ಎಂ, ಡಿ, ಎಫ್, ಡಿ, ಶಿಫ್ಟ್ ಹಿಡಿದು ಯು, ಆರ್, ಯು ಒತ್ತಿದರೆ ‘ಮದ್ದೂರು’ ಯುನಿಕೋಡಿನಲ್ಲೇ ಮೂಡುತ್ತದೆ. ಆದರೆ ಇಡೀ ಪರದೆ ಕನ್ನಡವಾಗಲಿ ಎಂದು ಭಾಷೆ ಬದಲಿಸಿದರೆ ಅರ್ಧ ಮೆನು ಕನ್ನಡ, ಅರ್ಧ ಇಂಗ್ಲಿಷು, ಅನುವಾದ ಪೂರ್ತಿಯಾಗಿಲ್ಲ. ಹಳೇ ನುಡಿ ಫೈಲುಗಳನ್ನು ಆ ಫಾಂಟು ಹಾಕಿಕೊಂಡು ಓದಬಹುದು, ಅದರಲ್ಲೊಂದು ಪದ ಹುಡುಕಲು ಮಾತ್ರ ಯುನಿಕೋಡಿಗೆ ತಿರುಗಿಸಲೇಬೇಕು.

ಇಷ್ಟರವರೆಗೆ ಸಲೀಸು. ಪೇಚಾಟ ಶುರುವಾಗುವುದು ವೈರು ಚುಚ್ಚಿದಾಗ.

ನಮ್ಮ ಕಡೆ ಜೆರಾಕ್ಸ್ ಅಂಗಡಿಗಳಲ್ಲಿ ಕ್ಯಾನನ್ ಎಲ್‌ಬಿಪಿ 2900 ಪ್ರಿಂಟರ್ ಪರಿಚಿತ ಮುಖ. ಗಟ್ಟಿಮುಟ್ಟು, ಟೋನರ್ ಮತ್ತೆ ತುಂಬಿಸಿದರೂ ತಕರಾರಿಲ್ಲ. ಅದಕ್ಕೆ ಅರ್ಥವಾಗುವುದು ಕ್ಯಾನನ್‌ನದೇ ಆದ ಕ್ಯಾಪ್ಟ್ ಭಾಷೆ ಮಾತ್ರ, ಪೋಸ್ಟ್‌ಸ್ಕ್ರಿಪ್ಟ್ ಬಾರದು. ಲಿನಕ್ಸ್‌ಗೆ ಚಾಲಕ ತಂತ್ರಾಂಶ ಇದೆ, ಆದರೆ ಹಳೆಯದು. ಹಿನ್ನೆಲೆಯಲ್ಲಿ ಒಂದು ಸೇವೆ ಓಡುತ್ತಿರಬೇಕು, ಟರ್ಮಿನಲ್‌ನಲ್ಲಿ ಆಜ್ಞೆ ಟೈಪಿಸಬೇಕು. ಕೌಂಟರಿನ ಮುಂದೆ ಆಧಾರ್ ಪ್ರತಿಗೆ ಜನ ನಿಂತಿರುವಾಗ ಅದನ್ನು ಯಾರು ಮಾಡುತ್ತಾರೆ? ಎಚ್‌ಪಿಯ ಬಹಳಷ್ಟು ಮಾಡೆಲ್‌ಗಳು ಇಷ್ಟು ಕಾಡುವುದಿಲ್ಲ. ಆಧಾರ್‌ಗೆ ಬೆರಳ ಗುರುತು ಓದುವ ಸ್ಕ್ಯಾನರ್‌ಗಳದ್ದೂ ಪೇಚೇ, ಅವುಗಳ ತಯಾರಕರು ಹೆಚ್ಚಾಗಿ ನೋಡುವುದು ವಿಂಡೋಸ್ ಮತ್ತು ಆಂಡ್ರಾಯ್ಡ್ ಕಡೆಗೇ.

ಲಗ್ನಪತ್ರಿಕೆ ಮಾಡುವ ಡಿಟಿಪಿಯವರಿಗೆ ನಾನು ಮಿಂಟ್ ಹೇಳುವುದಿಲ್ಲ. ಅವರ ಬಂಡವಾಳವೆಂದರೆ ಪೇಜ್‌ಮೇಕರ್‌ನಲ್ಲಿ ವರ್ಷಗಟ್ಟಲೆ ಕೂಡಿಟ್ಟ ಮಾದರಿಗಳು. ಸ್ಕ್ರೈಬಸ್ ಈಗ ಕನ್ನಡದ ಒತ್ತಕ್ಷರ ಸರಿಯಾಗಿ ಜೋಡಿಸುತ್ತದೆ, ಆದರೆ ಪೇಜ್‌ಮೇಕರಿನ ಹಳೇ ಕನ್ನಡ ಮಾದರಿ ಇದ್ದಂತೆಯೇ ಇಲ್ಲಿಗೆ ಬರುವುದಿಲ್ಲ. ಬೆಲ್ಲದ ಮಂಡಿಯ ಲೆಕ್ಕ ಟ್ಯಾಲಿಯಲ್ಲಿದ್ದರೂ ಅದೇ ಮಾತು. ಟ್ಯಾಲಿ ತಯಾರಾಗುವುದು ವಿಂಡೋಸ್‌ಗೆ.

ಇದನ್ನೆಲ್ಲ ಮಿಂಟ್‌ನ ದೋಷವೆನ್ನುವುದು ಅರ್ಧ ಸತ್ಯ. ಪಹಣಿಯನ್ನು ಕಂಪ್ಯೂಟರಿನಲ್ಲಿ ಕೊಡುವ ‘ಭೂಮಿ’ ಯೋಜನೆಯ ಮೊದಲ ಪ್ರಯೋಗ ನಡೆದದ್ದು ಇದೇ ಮದ್ದೂರು ತಾಲ್ಲೂಕಿನಲ್ಲಿ, 1999ರಲ್ಲಿ. ಅದು ನಿಂತದ್ದು ಮೈಕ್ರೋಸಾಫ್ಟ್ ತಂತ್ರಾಂಶದ ಮೇಲೆ. ಕನ್ನಡ ಟೈಪಿಂಗಿನ ಬರಹ ತಂತ್ರಾಂಶ ಬಂದದ್ದೂ ನುಡಿ ಬಂದದ್ದೂ ವಿಂಡೋಸ್‌ಗೇ. ಕಚೇರಿ, ಅಂಗಡಿ, ರಿಪೇರಿಯವ ಎಲ್ಲರೂ ಅದರ ಸುತ್ತಲೇ ಬೆಳೆದರು. ವೈಫೈ ಕೈಕೊಟ್ಟರೆ ಬೀದಿಯಲ್ಲಿ ಮಿಂಟ್ ಬಲ್ಲ ಮೆಕ್ಯಾನಿಕ್ ಸಿಗುವುದು ಅಪರೂಪ. ನನ್ನ ಲೆಕ್ಕದಲ್ಲಿ ಇದು ಪ್ರಿಂಟರಿಗಿಂತಲೂ ದೊಡ್ಡ ಕೊರತೆ.

ಬೇರೆ ದಾರಿಯನ್ನೂ ರಾಜ್ಯ ನೋಡಿದೆ. 2011ರಲ್ಲಿ ಶುರುವಾದ ವಿಷಯ ಶಿಕ್ಷಕರ ವೇದಿಕೆಯಲ್ಲಿ ಶಿಕ್ಷಣ ಇಲಾಖೆಯ ಡಿಎಸ್‌ಇಆರ್‌ಟಿ ಜೊತೆ ಐಟಿ ಫಾರ್ ಚೇಂಜ್ ಸಂಸ್ಥೆ ಸೇರಿ ಪ್ರೌಢಶಾಲಾ ಶಿಕ್ಷಕರಿಗೆ ಉಬುಂಟು, ಜಿಯೋಜೀಬ್ರಾ ಕಲಿಸಿತು. ಮೇಷ್ಟ್ರಿಗೆ ಒಗ್ಗಿದ್ದು ಮನೆಗೆ ಒಗ್ಗದೇ ಏನು? ಓದುವ ಹುಡುಗರಿಗೆ, ಬರೆಯುವವರಿಗೆ, ಮೊಮ್ಮಕ್ಕಳ ಜೊತೆ ವಿಡಿಯೋ ಕರೆ ಮಾಡುವ ನಿವೃತ್ತರಿಗೆ ಮಿಂಟ್ ಧಾರಾಳವಾಗಿ ಸಾಕು. ಪ್ರಿಂಟ್ ಬೇಕಾದಾಗ ಪಿಡಿಎಫ್ ಮಾಡಿ ಪೆನ್‌ಡ್ರೈವ್ ಹಿಡಿದು ಅಂಗಡಿಗೆ ಹೋಗಬಹುದು.

ಹಾಕುವ ಮುಂಚೆ ಪೆನ್‌ಡ್ರೈವ್‌ನಿಂದಲೇ ಓಡಿಸಿ ನೋಡುವ ಅನುಕೂಲವಿದೆ. ವಿಂಡೋಸ್ ಇದ್ದಲ್ಲೇ ಇರುತ್ತದೆ. ಆಗ ವಾಲ್‌ಪೇಪರ್ ಬದಲಿಸುತ್ತಾ ಕೂರಬೇಡಿ. ವೈಫೈ ಹಿಡಿಯುತ್ತದೆಯೇ, ಕ್ಯಾಮೆರಾ ಬರುತ್ತದೆಯೇ, ಮುಚ್ಚಳ ಮುಚ್ಚಿ ತೆರೆದರೆ ಎಚ್ಚರವಾಗುತ್ತದೆಯೇ ನೋಡಿ. ಪ್ರಿಂಟರ್ ಚುಚ್ಚಿ ಒಂದು ಟೆಸ್ಟ್ ಪೇಜ್ ಕಳಿಸಿ. ಇವು ಸರಿಯಿದ್ದರೆ, ಫೋಟೋ ಮತ್ತು ಫೈಲುಗಳ ಪ್ರತಿ ಬೇರೆಡೆ ಇಟ್ಟು, ಇನ್‌ಸ್ಟಾಲ್ ಒತ್ತಿ.