ಬೆತ್ತ ಬಿಡಿ, ಕೋಳಿ ಚೂರು ಹಿಡಿಯಿರಿ

ಕೆ.ಆರ್. ಪುರದ ಟ್ರಾಫಿಕ್ ದಾಟಿ ರಾತ್ರಿ ಮನೆ ಸೇರುವವರಿಗೆ ಬಾಗಿಲಲ್ಲೇ ಹರಿದ ಚಪ್ಪಲಿ ಕಂಡರೆ ಸಿಟ್ಟು ಬರುವುದು ಸಹಜ. ಮೂಲೆಯಲ್ಲಿ ನಾಯಿ ಕಿವಿ ಮಡಚಿ, ಬಾಲ ಮುದುಡಿ ಕೂತಿರುತ್ತದೆ. ‘ತಪ್ಪು ಮಾಡಿದ್ದು ಅದಕ್ಕೇ ಗೊತ್ತು ನೋಡಿ’ ಎನ್ನುತ್ತಾ ಎರಡೇಟು ಬಿಗಿಯುತ್ತಾರೆ.

ಅದಕ್ಕೆ ಗೊತ್ತಿರುವುದಿಲ್ಲ. ಅಮೆರಿಕದ ವಿಜ್ಞಾನಿ ಅಲೆಕ್ಸಾಂಡ್ರಾ ಹೊರೊವಿಟ್ಜ್ 2009ರಲ್ಲಿ ಪ್ರಕಟಿಸಿದ ಅಧ್ಯಯನ ಇದನ್ನೇ ಪರೀಕ್ಷಿಸಿತು. 14 ಸಾಕುನಾಯಿಗಳಿಗೆ ತಿಂಡಿ ತೋರಿಸಿ ‘ತಿನ್ನಬೇಡ’ ಎಂದು ಹೇಳಿ ಮಾಲೀಕರು ಹೊರಗೆ ಹೋಗುತ್ತಿದ್ದರು. ಒಳಗೆ ನಡೆದದ್ದೇನೆಂದು ಅವರಿಗೆ ಕೆಲವೊಮ್ಮೆ ಬೇಕೆಂದೇ ಸುಳ್ಳು ಹೇಳಲಾಗುತ್ತಿತ್ತು. ಆ ‘ತಪ್ಪಿತಸ್ಥ ಮುಖ’ಕ್ಕೂ ತಿಂಡಿ ಕದ್ದದ್ದಕ್ಕೂ ಸಂಬಂಧವೇ ಕಾಣಲಿಲ್ಲ, ಬೈದಾಗ ಅದು ಕಂಡಿತು. ತಿನ್ನದೆಯೂ ಬೈಸಿಕೊಂಡ ನಾಯಿಗಳಲ್ಲಿ ಇನ್ನಷ್ಟು ಎದ್ದು ಕಂಡಿತು. ನಾವು ಪಶ್ಚಾತ್ತಾಪ ಎಂದುಕೊಳ್ಳುವುದು ಬರೀ ಭಯ.

ಮಾಡಿದ ಕೆಲಸಕ್ಕೂ ಸಿಕ್ಕ ಫಲಕ್ಕೂ ನಾಯಿ ನಂಟು ಕಟ್ಟಿಕೊಳ್ಳುವುದು ಆ ಕ್ಷಣದಲ್ಲೇ. ಮಧ್ಯಾಹ್ನ ಕಡಿದ ಚಪ್ಪಲಿಗೂ ರಾತ್ರಿ ಬಿದ್ದ ಏಟಿಗೂ ಅದರ ಲೆಕ್ಕದಲ್ಲಿ ಸಂಬಂಧವಿಲ್ಲ. ಅದು ಕಲಿಯುವುದು ಒಂದನ್ನೇ: ಯಜಮಾನ ಬಂದರೆ ಹೆದರಬೇಕು.

ತರಬೇತಿ ಶಾಲೆಯಲ್ಲಿ ಹುಟ್ಟುವ ಇಂಥ ಹೆದರಿಕೆ ತರಗತಿ ಮುಗಿದ ಮೇಲೂ ಉಳಿಯುತ್ತದೆ. ಪೋರ್ಚುಗಲ್‌ನ ಪೋರ್ಟೊ ವಿಶ್ವವಿದ್ಯಾಲಯದ ಸಂಶೋಧಕರು ತರಬೇತಿ ಶಾಲೆಗಳಿಗೆ ಹೋಗುವ 92 ನಾಯಿಗಳನ್ನು ಗಮನಿಸಿ 2020ರಲ್ಲಿ ವರದಿ ಪ್ರಕಟಿಸಿದರು. ಗದರುವ, ಸರಪಳಿ ಜಗ್ಗುವ ಶಾಲೆಗಳ ನಾಯಿಗಳು ಹೆಚ್ಚು ಏದುಸಿರು ಬಿಡುತ್ತಿದ್ದವು, ಪದೇಪದೇ ತುಟಿ ನೆಕ್ಕುತ್ತಿದ್ದವು. ತರಬೇತಿಯ ನಂತರ ಅವುಗಳ ಜೊಲ್ಲಿನಲ್ಲಿ ಕಾರ್ಟಿಸಾಲ್ ಎಂಬ ಒತ್ತಡದ ಹಾರ್ಮೋನು ಏರಿತ್ತು. ಇನ್ನೊಂದು ಪರೀಕ್ಷೆಯಲ್ಲಿ, ಆಹಾರ ಇದೆಯೋ ಇಲ್ಲವೋ ಎಂದು ಅನುಮಾನ ಹುಟ್ಟಿಸುವ ಬಟ್ಟಲಿನತ್ತ ಅವು ಹಿಂಜರಿಯುತ್ತಲೇ ಹೋದವು. ಒಳ್ಳೆಯದಾದೀತು ಎಂಬ ನಿರೀಕ್ಷೆಯೇ ಕುಗ್ಗಿತ್ತು.

ಇನ್ನು ನಮ್ಮ ಬೀದಿನಾಯಿಗಳ ಮಾತು. ಪಾಲಿಕೆಯ 2023ರ ಸಮೀಕ್ಷೆಯ ಪ್ರಕಾರ ಬೆಂಗಳೂರಿನಲ್ಲಿ ಸುಮಾರು 2.79 ಲಕ್ಷ ಬೀದಿನಾಯಿಗಳಿದ್ದವು. ಹಲಸೂರು, ಇಂದಿರಾನಗರದ ಫ್ಲ್ಯಾಟುಗಳಲ್ಲೂ ಈಗ ‘ಇಂಡಿ’ ಎಂದು ಕರೆಯುವ ದೇಸಿ ನಾಯಿಗಳು ಸಾಕುನಾಯಿಗಳಾಗಿವೆ. ಬೀದಿನಾಯಿಗೆ ಬುದ್ಧಿ ಕಲಿಸಲಾಗದು ಎಂಬ ಮಾತನ್ನು ನಂಬಬೇಕಿಲ್ಲ. ಕೋಲ್ಕತ್ತಾದ ಐಸರ್ ವಿಜ್ಞಾನ ಸಂಶೋಧನಾ ಸಂಸ್ಥೆಯ ಅನಿಂದಿತಾ ಭದ್ರಾ ಅವರ ತಂಡ 2017ರಲ್ಲಿ ತೋರಿಸಿದಂತೆ, ಅಪರಿಚಿತರೊಡನೆ ನಂಟು ಬೆಳೆಸಲು ಬೀದಿನಾಯಿಗಳಿಗೆ ಊಟಕ್ಕಿಂತ ತಲೆ ಸವರುವಿಕೆಯೇ ಹೆಚ್ಚು ಹಿಡಿಸಿತ್ತು.

ಹೊಡೆಯದೆ ಕಲಿಸುವ ವಿಧಾನ ಸರಳ. ಕರೆಗಂಟೆ ಬಾರಿಸಿದಾಗ ಮೈಮೇಲೆ ಹಾರುವ ನಾಯಿಗೆ ಕೂರುವುದನ್ನು ಕಲಿಸಿ. ಅದರ ಹಿಂಭಾಗ ನೆಲಕ್ಕೆ ತಾಗಿದ ಕ್ಷಣವೇ ‘ಭೇಷ್’ ಎನ್ನಿ, ಕೂಡಲೇ ಉಪ್ಪು ಹಾಕದೆ ಬೇಯಿಸಿದ ಕೋಳಿಯ ಬಟಾಣಿ ಗಾತ್ರದ ಚೂರು ಕೊಡಿ. ಶಿವಾಜಿನಗರದ ಮಾಂಸದಂಗಡಿಯ ಕಾಲು ಕಿಲೋ ಹಲವು ದಿನಗಳ ಪಾಠಕ್ಕೆ ಸಾಕು. ಆಯಾ ದಿನ ಕೊಟ್ಟ ಚೂರುಗಳಷ್ಟನ್ನು ಅಂದಿನ ಊಟದಲ್ಲಿ ಕಡಿಮೆ ಮಾಡಿ. ಈರುಳ್ಳಿ, ದ್ರಾಕ್ಷಿ, ಚಾಕೊಲೇಟ್ ಬೇಡವೇ ಬೇಡ, ಅವು ನಾಯಿಗೆ ವಿಷ. ಚಪ್ಪಲಿಯ ಸಮಸ್ಯೆಗಂತೂ ತರಬೇತಿಗಿಂತ ಮುಂಚೆ ಬಾಗಿಲಿರುವ ಚಪ್ಪಲಿ ಗೂಡು ಬೇಕು, ಜಗಿಯಲು ಬೇರೊಂದು ಆಟಿಕೆ ಬೇಕು.

ಗುರ್ರೆಂದದ್ದಕ್ಕಂತೂ ಎಂದೂ ಹೊಡೆಯಬೇಡಿ. ಅದು ಎಚ್ಚರಿಕೆ, ಅದನ್ನು ಅಡಗಿಸಿದರೆ ನಾಯಿ ಮುನ್ಸೂಚನೆಯಿಲ್ಲದೆ ಕಚ್ಚಬಹುದು. ಮನೆಗೆ ಬರುವ ತರಬೇತುದಾರರ ಚೀಲದಲ್ಲಿ ಕತ್ತು ಬಿಗಿಯುವ ಚೋಕ್ ಚೈನ್ ಕಂಡರೆ, ದಯವಿಟ್ಟು ಬಾಗಿಲಿಂದಲೇ ವಾಪಸ್ ಕಳಿಸಿ.