ಮಾಯದ ಗಾಯಕ್ಕೆ ಮೊದಲು ರಕ್ತಪರೀಕ್ಷೆ

ಮುಳ್ಳು ಚುಚ್ಚಿಯೋ ಹೊಸ ಚಪ್ಪಲಿ ಕಚ್ಚಿಯೋ ಕಾಲಿಗಾದ ಸಣ್ಣ ಗಾಯ ಸಾಮಾನ್ಯವಾಗಿ ಎರಡು ವಾರದೊಳಗೆ ಮಾಯುತ್ತದೆ. ಮೂರನೆಯ ವಾರಕ್ಕೂ ಅದು ಹಸಿಯಾಗಿಯೇ ಇದ್ದರೆ ಮುಲಾಮು ಬದಲಿಸುತ್ತೇವೆ, ಅರಿಶಿನ ಹಚ್ಚುತ್ತೇವೆ, ನಂಜೆಂದು ಬದನೆಕಾಯಿ ಬಿಡುತ್ತೇವೆ. ಶುಗರ್ ನೋಡಿಸುವ ಯೋಚನೆ ಬರುವುದು ಇದೆಲ್ಲ ಮುಗಿದ ಮೇಲೆ. ಈ ಕ್ರಮ ತಿರುಗಬೇಕು. ಮಧುಮೇಹ ಇದೆಯೆಂದು ಗೊತ್ತೇ ಇಲ್ಲದವರಲ್ಲೂ ಅದನ್ನು ಮೊದಲು ತೋರಿಸಿಕೊಡುವುದು ಕೆಲವೊಮ್ಮೆ ಇಂಥ ಗಾಯವೇ.

ಗಾಯವಾದ ಕೂಡಲೇ ರಕ್ತ ಹೆಪ್ಪುಗಟ್ಟುತ್ತದೆ. ಬಿಳಿ ರಕ್ತಕಣಗಳು ಬಂದು ರೋಗಾಣುಗಳನ್ನೂ ಸತ್ತ ಜೀವಕೋಶಗಳನ್ನೂ ತೆರವು ಮಾಡುತ್ತವೆ. ಆಮೇಲೆ ಹೊಸ ರಕ್ತನಾಳ, ಹೊಸ ಚರ್ಮ ಬೆಳೆಯುತ್ತವೆ. ರಕ್ತದಲ್ಲಿ ಸಕ್ಕರೆ ಬಹುಕಾಲ ಹೆಚ್ಚಾಗಿದ್ದರೆ ಈ ಕೆಲಸದ ಪ್ರತಿ ಹಂತವೂ ಕುಂಟುತ್ತದೆ. ಬಿಳಿ ಕಣಗಳು ಗಾಯದ ಕಡೆ ಧಾವಿಸುವ, ರೋಗಾಣುವನ್ನು ನುಂಗುವ ಶಕ್ತಿ ಕುಗ್ಗುತ್ತದೆ. ಉರಿಯೂತ ತಗ್ಗಬೇಕಾದ ಹೊತ್ತಿಗೂ ತಗ್ಗುವುದಿಲ್ಲ, ಹೊಸ ರಕ್ತನಾಳಗಳು ಸಾಕಷ್ಟು ಚಿಗುರುವುದಿಲ್ಲ. ಕಾಲಿನ ರಕ್ತನಾಳ ಕಿರಿದಾಗಿದ್ದರೆ ಆಮ್ಲಜನಕಕ್ಕೂ ಕೊರತೆ. ಇವೆಲ್ಲಕ್ಕಿಂತ ಅಪಾಯಕಾರಿಯಾದದ್ದು ನರಗಳ ಹಾನಿ. ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನಲ್ಲಿ ಕುಷ್ಠರೋಗಿಗಳ ಶಸ್ತ್ರಚಿಕಿತ್ಸೆ ಮಾಡುತ್ತಿದ್ದ ಪಾಲ್ ಬ್ರಾಂಡ್, ಅವರ ಬೆರಳುಗಳು ಹಾಳಾಗಲು ಮುಖ್ಯ ಕಾರಣ ನೋವು ತಿಳಿಯದೆ ಮತ್ತೆ ಮತ್ತೆ ಆಗುವ ಪೆಟ್ಟು ಎಂದು ತೋರಿಸಿದರು. ಮಧುಮೇಹಿಗಳ ಪಾದಕ್ಕೂ ಇದೇ ಮಾತು ಅನ್ವಯಿಸುತ್ತದೆ. ‘ನೋವೇ ಇಲ್ಲ, ತಾನಾಗಿ ಹೋಗುತ್ತದೆ’ ಎಂದು ಸುಮ್ಮನಾಗುವವರಿದ್ದಾರೆ. ನಿಜಕ್ಕೂ ಹೆದರಬೇಕಾದದ್ದು ಆ ನೋವಿಲ್ಲದ ಗಾಯಕ್ಕೇ.

ಸಕ್ಕರೆ ಕಾಯಿಲೆಯಿದ್ದರೆ ಬಾಯಾರಿಕೆ, ಪದೇಪದೇ ಮೂತ್ರ ಕಾಣಿಸಬೇಕಲ್ಲ ಎಂದು ಕೇಳಬಹುದು. ಬೆಳಗಿನ ಖಾಲಿ ಹೊಟ್ಟೆಯಲ್ಲಿ ಸಕ್ಕರೆ 126 ಮಿಲಿಗ್ರಾಂ ಮುಟ್ಟಿದರೆ ಅದು ಮಧುಮೇಹ. ಆದರೆ ಮೂತ್ರಪಿಂಡ ಸಕ್ಕರೆಯನ್ನು ಹೊರಹಾಕತೊಡಗುವುದು ರಕ್ತದಲ್ಲಿ ಅದು ಸುಮಾರು 180 ದಾಟಿದ ಮೇಲೆ. ಬಾಯಾರಿಕೆ ಹುಟ್ಟುವುದು ಹಾಗೆ ನೀರು ನಷ್ಟವಾದಾಗ. ಈ ಎರಡು ಅಂಕಿಗಳ ನಡುವೆ ಮನುಷ್ಯ ಏನೂ ಗೊತ್ತಾಗದೆ ವರ್ಷಗಟ್ಟಲೆ ಇರಬಲ್ಲ, ಹಾನಿ ಮಾತ್ರ ನಡೆಯುತ್ತಲೇ ಇರುತ್ತದೆ. ಬ್ರಿಟನ್ನಿನಲ್ಲಿ 1977ರಲ್ಲಿ ಆರಂಭವಾಗಿ, ಆಗಷ್ಟೇ ಮಧುಮೇಹ ಪತ್ತೆಯಾದ 5,102 ಮಂದಿಯನ್ನು ಸೇರಿಸಿಕೊಂಡ ಪ್ರಸಿದ್ಧ ಅಧ್ಯಯನದಲ್ಲಿ ಸುಮಾರು ಅರ್ಧದಷ್ಟು ಜನರಿಗೆ ಪತ್ತೆಯಾಗುವ ವೇಳೆಗೇ ಯಾವುದಾದರೊಂದು ಅಂಗಕ್ಕೆ ಹಾನಿಯಾಗಿತ್ತು. ತೆಳ್ಳಗಿದ್ದೇನೆ, ಸಿಹಿ ತಿನ್ನುವುದಿಲ್ಲ ಎಂಬ ಸಮಾಧಾನವೂ ಸಲ್ಲದು. ಭಾರತೀಯರಿಗೆ ಕಡಿಮೆ ತೂಕದಲ್ಲೇ ಈ ಕಾಯಿಲೆ ಬರುತ್ತದೆ.

ಗಾಯ ಮಾಯದಿರಲು ಬೇರೆ ಕಾರಣಗಳಿಲ್ಲವೇ? ಧಾರಾಳವಾಗಿವೆ: ಉಬ್ಬಿದ ಅಭಿಧಮನಿ, ರಕ್ತಹೀನತೆ, ಪ್ರೋಟೀನ್ ಕೊರತೆ, ಬೀಡಿ-ಸಿಗರೇಟು, ಸ್ಟೀರಾಯ್ಡ್ ಮಾತ್ರೆ, ಕುಷ್ಠ. ಹಾಗಾಗಿ ಗಾಯ ನೋಡಿಯೇ ಮಧುಮೇಹವೆಂದು ತೀರ್ಮಾನಿಸುವಂತಿಲ್ಲ, ಪರೀಕ್ಷೆ ಬೇಕು ಎನ್ನುವುದಷ್ಟೇ ಇಲ್ಲಿನ ವಾದ. 2023ರಲ್ಲಿ ಪ್ರಕಟವಾದ ಐಸಿಎಂಆರ್ ಅಧ್ಯಯನದ ಅಂದಾಜಿನಂತೆ ದೇಶದಲ್ಲಿ 10.1 ಕೋಟಿ ಮಧುಮೇಹಿಗಳಿದ್ದಾರೆ. ಇಷ್ಟು ವ್ಯಾಪಕವಾದ, ಇಷ್ಟು ಅಗ್ಗದಲ್ಲಿ ಪತ್ತೆಯಾಗುವ ಕಾರಣವನ್ನು ಕೊನೆಗೆ ಹುಡುಕುವುದರಲ್ಲಿ ಅರ್ಥವಿಲ್ಲ. ಸೋಂಕಿನಿಂದಲೇ ಸಕ್ಕರೆ ತಾತ್ಕಾಲಿಕವಾಗಿ ಏರಿರಬಹುದಲ್ಲ ಎಂಬ ಆಕ್ಷೇಪ ಸರಿಯಾದದ್ದೇ. ಅದಕ್ಕೆಂದೇ ಹಿಂದಿನ ಎರಡು-ಮೂರು ತಿಂಗಳ ಸರಾಸರಿ ತೋರಿಸುವ ಎಚ್‌ಬಿಎ1ಸಿ ಪರೀಕ್ಷೆಯಿದೆ; ಅದು ಶೇ. 6.5 ಅಥವಾ ಹೆಚ್ಚಿದ್ದರೆ ಏರಿಕೆ ನಿನ್ನೆ ಮೊನ್ನೆಯದಲ್ಲ. ರಕ್ತಹೀನತೆಯಿದ್ದವರಲ್ಲಿ ಈ ಅಂಕಿ ತಪ್ಪಬಹುದಾದ್ದರಿಂದ ಖಾಲಿ ಹೊಟ್ಟೆಯ ಪರೀಕ್ಷೆಯನ್ನೂ ಮಾಡಿಸುವುದು ಒಳ್ಳೆಯದು.

ಗಾಯ ಕಪ್ಪಾದರೆ, ವಾಸನೆ ಬಂದರೆ, ಸುತ್ತ ಕೆಂಪೇರಿ ಜ್ವರ ಬಂದರೆ ಅಂದೇ ವೈದ್ಯರಲ್ಲಿಗೆ ಹೋಗಿ. ಇದ್ಯಾವುದೂ ಇಲ್ಲದೆ ಎರಡು ವಾರ ಕಳೆದರೂ ಮಾಯದಿದ್ದರೆ ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಗಾಯ ತೋರಿಸಿ, ರಕ್ತದ ಸಕ್ಕರೆಯನ್ನೂ ನೋಡಲು ನೀವೇ ಕೇಳಿ.